ತಾಯಿ ಕೈಯ ರೋಸ್

ಉಪ್ಪಿನ ಡಬ್ಬಿಗೆ ‘ಸಾಲ್ಸ್’, ನೀರಿನ ಕ್ಯಾನಿಗೆ ‘ಊದೆನ್ಸ್’, ಬ್ರೆಡ್ಡಿಗೆ ‘ಮಾಯ್ಜೆ’. ಗಲ್ಫಿನ ಊದ್ ಮೇಥಾದ ಆ ಫ್ಲಾಟಿನ ಅಡುಗೆಮನೆಯಲ್ಲಿ ಚೀಟಿ ಅಂಟಿಸಿಕೊಳ್ಳದೆ ಉಳಿದವನು ಎಮಿಲಿಯಾಳ ಗಂಡ ಆನ್ಸೆಲ್ಮ್ ಒಬ್ಬನೇ.

“ನನಗೂ ಒಂದು ಅಂಟಿಸಿಬಿಡು ಮಾರಾಯ್ತಿ, ನಿನಗೆ ಮರೆತುಹೋದ್ರೆ ಕಷ್ಟ!”

ಎಮಿಲಿಯಾ ಕಿವಿಗೇ ಹಾಕಿಕೊಳ್ಳಲಿಲ್ಲ. ಮುರಕ್ಕಬಾತ್ ಬಡಾವಣೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಬಂದವರನ್ನು ಮಾತಾಡಿಸುತ್ತಲೇ ತಲೆ ನರೆತವಳು ಅವಳು. ಹಿಂದಿ, ಮಲಯಾಳಂ, ಬೇಕಾದಷ್ಟು ಅರಬ್ಬಿ, ಎಲ್ಲವೂ ಬರುತ್ತಿತ್ತು. ಲಾಟ್ವಿಯಾದ್ದೊಂದು ಭಾಷೆ ಇದೆ ಎಂದು ತಿಳಿದದ್ದು ಮಾತ್ರ, ಮಗ ಶಾನ್ ತನ್ನ ಹೋಟೆಲಿನಲ್ಲೇ ದುಡಿಯುವ ಇಲ್ಜೆಯನ್ನು ಮನೆಗೆ ಕರೆತಂದ ಮೇಲೆ. ಹುಡುಗಿ ಅಪ್ಪಟ ಬಂಗಾರ. ಆದರೆ ಅವಳ ತಾಯಿ ಐನಾಳಿಗೆ ಈ ಮದುವೆ ಮನಸ್ಸಿಲ್ಲ, ಇಂಗ್ಲಿಷೂ ಬಾರದು. ಮಗಳ ಹಟಕ್ಕೆ ಬರುತ್ತಾಳಂತೆ, ಮದುವೆ ಮುಗಿದದ್ದೇ ವಾಪಸಂತೆ.

ಎಮಿಲಿಯಾಳಿಗೆ ರೋಸಿನ ಚಿಂತೆ ಹತ್ತಿತು. ಮದುವೆಯ ಹಿಂದಿನ ದಿನ ಮದುಮಕ್ಕಳ ತಲೆಗೆ ತೆಂಗಿನ ಹಾಲು ಹಚ್ಚಿ ಹರಸುವ ಶಾಸ್ತ್ರ ಅದು. ಮದುಮಗಳಿಗೆ ಮೊದಲ ಕೈ ಹೆತ್ತವಳದು. ಎಮಿಲಿಯಾಳ ತಾಯಿ ಅವಳ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಅವಳ ರೋಸಿಗೆ ದೊಡ್ಡಮ್ಮ ಕೈ ಹಚ್ಚಿದ್ದರು. ಪ್ರೀತಿಯಿಂದಲೇ ಹಚ್ಚಿದ್ದರು, ಪಾಪ. ಆದರೂ ಆ ದಿನದ ಸಂಕಟ ಅವಳನ್ನು ಈವರೆಗೂ ಬಿಟ್ಟಿರಲಿಲ್ಲ.

“ತಾಯಿ ಬದುಕಿದ್ದೂ ಈ ಹುಡುಗಿಗೆ ಬೇರೆಯವರ ಕೈಯಾ? ಛೇ, ಆಗ್ಲಿಕ್ಕಿಲ್ಲ!”

ಇಲ್ಜೆ ಹೇಳಿದರೆ ಅದು ಮಗಳ ಇನ್ನೊಂದು ಹಟವಾಗುತ್ತದೆ. ಕರೆ ಬೀಗಿತ್ತಿಯಾದ ತನ್ನ ಬಾಯಿಂದಲೇ ಹೋಗಬೇಕು. ಹಾಗಾಗಿ ಶುಕ್ರವಾರ ಬಂತೆಂದರೆ ಪಾಠ. ಎಮಿಲಿಯಾ ಇಂಗ್ಲಿಷಿನಲ್ಲಿ ಕೇಳುವುದು, ಇಲ್ಜೆ ತನ್ನ ಭಾಷೆಯಲ್ಲಿ ಹೇಳುವುದು, ಇವಳು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು. ಅಮ್ಮನಿಗೆ ‘ಮಾತೆ’ ಎಂದಾಗ, “ಅಯ್ಯೋ, ಇದು ನಮ್ಮದೇ ಅಲ್ವಾ!” ಎಂದು ಹಿಗ್ಗಿದಳು. ತೆಂಗಿನಕಾಯಿಗೆ ‘ಕೊಕೊಸ್‌ರಿಯೆಕ್ಸ್ತ್ಸ್’ ಎಂದಾಗ ಮಾತ್ರ ಕೈಮುಗಿದಳು. “ಇದನ್ನು ಹೇಳುವಷ್ಟರಲ್ಲಿ ಕಾಯಿ ತುರಿದು ಹಾಲೇ ಹಿಂಡಬಹುದು, ಬಾಯ್!” ಪ್ರೀತಿಯ ಹುಡುಗಿಯರೆಲ್ಲ ಅವಳಿಗೆ ‘ಬಾಯ್’. ಕೊನೆಗೆ ಎರಡೇ ವಾಕ್ಯ ಬಾಯಿಪಾಠವಾದವು: ನೀವು ತಾಯಿ. ಮೊದಲು ನೀವು.

ರೋಸಿನ ದಿನ ಮನೆ ತುಂಬ ಜನ. ಐನಾ ಸೋಫಾದ ತುದಿಯಲ್ಲಿ, ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು, ಈಗಲೇ ಹೊರಡುವವಳ ಹಾಗೆ ಕೂತಿದ್ದಳು. ಇಲ್ಜೆ ಮಣೆಯ ಮೇಲೆ ಕೂತು ತಾಯಿಯನ್ನೇ ನೋಡುತ್ತಿದ್ದಳು.

“ಯಲ್ಲಾ ಎಮಿಲಿಯಾ!” ನಾದಿನಿ ಸೆವ್ರಿನ್ ಅವಸರಿಸಿದಳು. “ತಾಯಿಗೆ ಮನಸ್ಸಿಲ್ಲದಿದ್ರೆ ನಾನು ಹಚ್ತೇನೆ. ಹಾಲು ಹುಳಿಯಾಗ್ತದೆ.”

ಎಮಿಲಿಯಾ ಬಟ್ಟಲು ಹಿಡಿದು ಐನಾಳೆದುರು ನಿಂತಳು. ಬಾಯಿ ತೆರೆದಳು. ಹಾಳಾದ್ದು, ಕಲಿತದ್ದೆಲ್ಲ ಕೈಕೊಟ್ಟಿತು!

“ಸಾಲ್ಸ್...” ಎಂದಳು. “ಮಾಯ್ಜೆ...”

ಉಪ್ಪು, ಬ್ರೆಡ್ಡು! ಐನಾಳ ಹುಬ್ಬು ಗಂಟಾಯಿತು. ಎಮಿಲಿಯಾಳಿಗೆ ಅಳು ಬರುವುದೊಂದು ಬಾಕಿ. ಇನ್ನೇನೂ ತೋಚದೆ ಅವಳು ಬೀಗಿತ್ತಿಯ ಕಾಲ ಬುಡದಲ್ಲಿ ಕುಕ್ಕರಿಸಿದಳು. ಐನಾಳ ಕೈಯನ್ನು ಹಿಡಿದು ಹಾಲಿನಲ್ಲಿ ಅದ್ದಿ, ತನ್ನ ನೆತ್ತಿಯ ಮೇಲೇ ಇಟ್ಟುಕೊಂಡು, ಇಲ್ಜೆಯ ಕಡೆ ಬೆರಳು ತೋರಿಸಿದಳು.

“ಮಾತೆ,” ಎಂದಳು. ಅದೊಂದು ನೆನಪಿತ್ತು.

ಐನಾ ಮಗಳನ್ನು ನೋಡಿದಳು. ಬ್ಯಾಗನ್ನು ಪಕ್ಕಕ್ಕಿಟ್ಟು ಬಟ್ಟಲು ತೆಗೆದುಕೊಂಡಳು. ಎದ್ದುಹೋಗಿ ಮಗಳ ಹೊಂಬಣ್ಣದ ಕೂದಲಿಗೆ ಹಾಲು ಹಚ್ಚತೊಡಗಿದವಳು, ಹಚ್ಚುತ್ತ ಹಚ್ಚುತ್ತ ಬಿಕ್ಕಿದಳು. ತಾಯಿ ಮಗಳಿಬ್ಬರೂ ಅತ್ತರು, ಸೆವ್ರಿನ್ ಕೂಡ ಮೂಗೊರೆಸಿಕೊಂಡಳು.

ಆಮೇಲೆ ಐನಾ ಬಟ್ಟಲು ಹಿಡಿದು ತಿರುಗಿ ಬಂದಳು. ಎಮಿಲಿಯಾ ತೋರಿಸಿಕೊಟ್ಟದ್ದನ್ನೂ ಶಾಸ್ತ್ರವೆಂದೇ ತಿಳಿದಿದ್ದಳು ಪುಣ್ಯಾತ್ಗಿತ್ತಿ! ನೆಲದ ಮೇಲೆ ಕೂತೇ ಇದ್ದ ಎಮಿಲಿಯಾಳ ನರೆತ ತಲೆಗೆ, ಒಂದಿಷ್ಟೂ ಅವಸರವಿಲ್ಲದೆ, ಉಳಿದ ಹಾಲನ್ನೆಲ್ಲ ಹಚ್ಚಿದಳು.

“ಅತ್ತೆಗೇ ರೋಸಾ!” ಹೆಂಗಸರು ಗೊಳ್ಳೆಂದರು.

ಇಲ್ಜೆ ನಗುತ್ತ ತಾಯಿಗೆ ವಿವರಿಸಲು ಬಾಯಿ ತೆರೆದಳು. ಎಮಿಲಿಯಾ ಕಣ್ಣು ಮುಚ್ಚಿಕೊಂಡೇ ಅವಳ ಕೈ ಹಿಡಿದಳು.

“ಬೇಡ ಬಾಯ್, ಹೇಳ್ಬೇಡ. ಹಚ್ಚಲಿ.”