ತಿಮ್ಮೇಶ ಬರೆದ ಕೊನೆಯ ಹೆಸರು

ನನ್ನ ತಮ್ಮ ತಿಮ್ಮೇಶನಿಗೆ ಧಿಮಾಕು ಎಂದು ಜಗಳೂರಿನ ಅರ್ಧ ಜನ ಆಡಿಕೊಳ್ಳುತ್ತಿದ್ದರು. ಎದುರಿಗೆ ಬಂದವರನ್ನು ಮಾತಾಡಿಸುವುದಿಲ್ಲ, ನಮಸ್ಕಾರ ಅಂದರೆ ತಿರುಗಿ ನೋಡುವುದಿಲ್ಲ. ಸುಳ್ಳೇಕೆ ಹೇಳಲಿ, ನಾನೂ ಬೈದವಳೇ. ಬಾಗಿಲ ಬಳಿಯ ಕೊಡ ಒದ್ದು ಉರುಳಿಸಿದ ದಿನ, “ಕಣ್ಣು ನೆತ್ತಿಗೇರ್ಯಾವೇನೋ?” ಎಂದಿದ್ದೆ.

ಯಾರು ನಂಬಬೇಕು? ಅವನು ಬೋರ್ಡು ಬರೆಯುವವನು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಓಡುವ ಎಷ್ಟೋ ಖಾಸಗಿ ಬಸ್ಸುಗಳ ಮೇಲಿದ್ದದ್ದು ಅವನ ಅಕ್ಷರ. ಕೂದಲೆಳೆಯಂಥ ಗೆರೆ ಎಳೆಯುವವನಿಗೆ ಕಾಲ ಬಳಿಯ ಕೊಡ ಕಾಣುವುದಿಲ್ಲವೆಂದರೆ? ಆದರೆ ಅವನ ಕಣ್ಣಿಗೆ ಹತ್ತಿದ ರೋಗದ ರೀತಿಯೇ ಹಾಗೆ. ಕಣ್ಣಿನ ಹಿಂಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳು ಅಂಚಿನಿಂದ ಸಾಯುತ್ತ ಬರುತ್ತವೆ. ನಟ್ಟನಡುವೆ ಒಂದಿಷ್ಟು ನೋಟ ಕೊನೆಯವರೆಗೆ ಉಳಿದಿರುತ್ತದೆ. ನಮ್ಮವ್ವ ದುರುಗಕ್ಕನಿಗೂ ಹೊತ್ತು ಮುಳುಗಿದರೆ ಕಣ್ಣು ಕಾಣದೆ ಗೋಡೆಯೇ ಗತಿ. ಅದನ್ನು ನಾವು ಹೊರಗೆ ಬಾಯಿ ಬಿಟ್ಟಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ನನ್ನನ್ನೂ ನನ್ನ ಮಗಳು ಸುಚಿತ್ರಾಳನ್ನೂ ಸಾಕಿದವನು ಅವನೇ. ತಾನು ಮದುವೆಯಾಗಲಿಲ್ಲ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವನನ್ನು ಹೊಸ ಪ್ರಯೋಗಕ್ಕೆ ಆರಿಸಿದರು. ನರಕೋಶಗಳಾಗಿ ಬೆಳೆಯಬಲ್ಲ ಎಳೆಯ ಕೋಶಗಳನ್ನು ಒಂದು ಕಣ್ಣಿನ ಪರದೆಯ ಹಿಂದೆ ಇಡುತ್ತಾರಂತೆ. ನಾನೂ ಜೊತೆಗೆ ಹೋಗಿದ್ದೆ.

“ಸತ್ತ ಕೋಶ ಮತ್ತೆ ಬದುಕಲ್ಲಮ್ಮ,” ಎಂದರು ಡಾಕ್ಟರು. “ಉಳಿದಿರೋದನ್ನ ಇವು ಕಾಪಾಡ್ತಾವಾ ಅಂತ ನೋಡ್ತಿದೀವಿ. ಖಾತ್ರಿ ಕೊಡೋಕಾಗಲ್ಲ. ಆದ್ರೆ ತಡ ಮಾಡಬೇಡಿ. ಉಳಿದಿದ್ರೆ ತಾನೇ ಕಾಪಾಡೋದು?”

ಅದೇ ವಾರ ಹೊನ್ನಾಳಿಯ ಮಾರುತಿಯ ಮನೆಯವರು ಸುಚಿತ್ರಾಳನ್ನು ಒಪ್ಪಿದರು. ನನ್ನ ಬುದ್ಧಿಗೆ ಮಣ್ಣು ಬಿತ್ತು. ಹೆಣ್ಣನ್ನು ಹಸೆಗೆ ಕರೆತರಬೇಕಾದ ಸೋದರಮಾವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದರೆ ಬೀಗರು ಕೇಳದೆ ಬಿಡುತ್ತಾರೆಯೇ? ವಂಶದ ಜಡ್ಡು ಎಂದು ತಿಳಿದರೆ?

“ತಿಮ್ಮಾ, ಮದುವೆ ಮುಗೀಲಿ, ಆಮೇಲೆ ಹೋಗು. ಎರಡೇ ತಿಂಗ್ಳು,” ಎಂದೆ.

ಅವನು ಬ್ರಷ್ಷು ಒರೆಸುತ್ತ, “ಆತಕ್ಕ. ಸುಚಿತ್ರಾಗಿಂತ ಹೆಚ್ಚಾ ಅದು?” ಎಂದ.

ಅಷ್ಟರಲ್ಲಿ ಗಂಡಿನ ತಂದೆ ತೀರಿಕೊಂಡರು. ವರ್ಷ ತುಂಬುವವರೆಗೆ ಶುಭಕಾರ್ಯ ಬೇಡ ಎಂದರು ಬೀಗರು. ಆಗಲಾದರೂ ಕಳಿಸಬಹುದಿತ್ತು. ಸುದ್ದಿ ಹೊನ್ನಾಳಿ ಮುಟ್ಟೀತು ಎಂದು ಕಳಿಸಲಿಲ್ಲ.

ಮದುವೆಯ ಹಿಂದಿನ ದಿನ ಬಾಗಿಲ ಪಕ್ಕದ ಗೋಡೆಗೆ ಅವನೇ ಹೆಸರು ಬರೆದ. ಮೂಗು ತಾಗುವಷ್ಟು ಹತ್ತಿರ ನಿಂತು, ಒಂದೊಂದೇ ಅಕ್ಷರ. ಅರ್ಧ ಗಂಟೆಯ ಕೆಲಸ, ಬೆಳಿಗ್ಗೆ ಹಿಡಿದದ್ದು ಊಟದ ಹೊತ್ತಿಗೆ ಮುಗಿಯಿತು. ‘ಸುಚಿತ್ರಾ’ ಚೆಂದ ಬಂತು. ‘ಮಾರುತಿ’ ಕೆಳಕ್ಕೆ ಜಾರಿತ್ತು.

ಮದುವೆ ಮುಗಿಸಿ ಬೆಂಗಳೂರಿಗೆ ಓಡಿದೆವು. ಡಾಕ್ಟರು ಕಣ್ಣಿನ ಚಿತ್ರವನ್ನು ಬಹಳ ಹೊತ್ತು ನೋಡಿ, “ಕಾಪಾಡುವಷ್ಟು ಉಳಿದಿಲ್ಲಮ್ಮ,” ಎಂದರು. ಪ್ರಯೋಗಕ್ಕೆ ತೆಗೆದುಕೊಳ್ಳಲಿಲ್ಲ.

ಮೊನ್ನೆ ಬೀಗಿತ್ತಿ ನಾಗರತ್ನ ಬಂದಿದ್ದರು. ತಿಮ್ಮೇಶ ಚಹಾದ ಲೋಟಕ್ಕೆ ತಡಕಾಡುವುದನ್ನು ಕಂಡರು. ಇನ್ನೇನು ಮುಚ್ಚುವುದು? ಎಲ್ಲ ಹೇಳಿಬಿಟ್ಟೆ.

“ಅಯ್ಯೋ ಲಕ್ಷ್ಮಕ್ಕ, ಇದಕ್ಕಾ ನಿಲ್ಸಿದ್ರಿ? ಒಂದು ಮಾತು ಹೇಳಿದ್ರೆ ನಾವೇ ಮುಂದೆ ನಿಂತು ಕಳಿಸ್ತಿದ್ವಲ್ರೀ!”

ಆಗ ಹೇಳಿದ್ದರೆ ಹೀಗೇ ಅನ್ನುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲವಲ್ಲ.

ಅವರು ಹೋದ ಮೇಲೆ ತಿಮ್ಮೇಶ ಹೊರಗೆ ಬಂದು ಗೋಡೆಯ ಮೇಲಿನ ಅಕ್ಷರ ಸವರಿದ.

“ಈ ಹಬ್ಬಕ್ಕೂ ಸುಣ್ಣ ಹೊಡಿಸ್ಲಿಲ್ವಾ? ಮಾರುತಿ ಸೊಟ್ಟ ಬಂದೈತೆ, ಅಳಿಸಿಬಿಡಕ್ಕ.”

ನನಗೆ ತಡೆಯಲಾಗಲಿಲ್ಲ. “ಬೈಯೋ ನನ್ನ, ತಿಮ್ಮಾ. ಒಂದ್ಸಲನಾದ್ರೂ ಬಾಯಿ ತುಂಬ ಬೈಯೋ,” ಎಂದು ಅತ್ತೆ.

“ಹೋಗ್ಲಿ ಬಿಡು. ನಿಂಗೇನು ಗೊತ್ತಿತ್ತು, ಪಾಪ.”

ಡಾಕ್ಟರು ಹೇಳುವಾಗ ನಾನು ಅವನ ಪಕ್ಕದಲ್ಲೇ ಕೂತಿದ್ದೆ. ನನಗೆ ಗೊತ್ತಿತ್ತು.