ಮೆಣಸಿನ ಅಂಗಳದಲ್ಲಿ ಅಜ್ಜಿಯ ಕಾಗದಗಳು

ಕಾಗದ ಒಣಹಾಕಿದ್ದು ನನ್ನದೇ ತಲೆಯ ಉಪಾಯ. ಅಜ್ಜ ಬದುಕಿರುವ ತನಕ ಅವಿದ್ದ ಟ್ರಂಕು ಮುಟ್ಟಲು ಯಾರನ್ನೂ ಬಿಟ್ಟವರಲ್ಲ. ಆಮೇಲೆ ಅದು ದೊಡ್ಡಪ್ಪನ ಮನೆಯ ಅಟ್ಟ ಸೇರಿ ಮರೆತೇಹೋಗಿತ್ತು. ಈ ವರ್ಷ ಮಳೆ ನಿಂತ ಮೇಲೆ ಗಡಿಯ ಹೊಳೆದಂಡೆಯಲ್ಲಿರುವ ಮರಕ್ಕಡವಿನ ನಮ್ಮ ಮನೆಗೆ ತಂದು ಮುಚ್ಚಳ ತೆಗೆದರೆ ಒಳಗೆ ಅಜ್ಜನ ಡೈರಿ, ಅಜ್ಜಿಯ ಕಾಗದ, ಎಲ್ಲಕ್ಕೂ ಬೂಷ್ಟು. ಡೈರಿಯ ಹೊಲಿಗೆ ಬಿಟ್ಟು ಹಾಳೆಗಳು ಬಿಡಿಬಿಡಿಯಾಗಿದ್ದವು. ಬಿಸಿಲು ಕಾಣಿಸಿ, ಫೋನಿನಲ್ಲಿ ಫೋಟೋ ಹಿಡಿದು, ಕಾಟ್ಟಿಕುಳದ ಪೇಟೆಯಿಂದ ತಂದ ಪ್ಲಾಸ್ಟಿಕ್ ಫೈಲಿಗೆ ಸೇರಿಸಿಬಿಡೋಣ ಎಂದುಕೊಂಡೆ.

ಸೋದರತ್ತೆ ಬೆಳಗ್ಗೆಯೇ ಹೊಸ ಸೀರೆ ಉಟ್ಟು ಹಾಜರ್. ಅವಳು ಕೂಸಾಗಿದ್ದಾಗ ಅಜ್ಜಿ ಕಾಯಿಲೆ ಬಿದ್ದು ಹೊಳೆಯಾಚೆಯ ತವರಿಗೆ ಹೋದಳು. ಅಲ್ಲಿಂದ ದೋಣಿಯವರ ಕೈಯಲ್ಲಿ ಅಜ್ಜನಿಗೆ ಕಾಗದ ಕಳಿಸುತ್ತಿದ್ದಳು; ತಿರುಗಿ ಬರಲಿಲ್ಲ. ಅತ್ತೆಗೆ ಅಮ್ಮನ ಮುಖ ನೆನಪಿಲ್ಲ, ಒಂದು ಫೋಟೋ ಕೂಡ ಇಲ್ಲ. ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡ, ಓದುವುದು ಮಲಯಾಳ. ಗಡಿಯಾಚೆ ಕನ್ನಡ ಶಾಲೆ ಕಲಿತು ಅಜ್ಜ ಅಜ್ಜಿಯ ಕನ್ನಡ ಬರಹ ಓದಬಲ್ಲವಳು ನಾನೊಬ್ಬಳೇ.

“ನನ್ ವಿಷ್ಯ ಏನಾದ್ರೂ ಬರ್ದಿದಾಳಾ ನೋಡು ಮೋಳೆ. ಒಂದು ಸಾಲಾದ್ರೂ ಸಾಕು,” ಎಂದಳು. ನನ್ನನ್ನು ಅವಳು ಕರೆಯುವುದು ಮಲಯಾಳದಲ್ಲೇ, ‘ಮೋಳೆ’, ಅಂದರೆ ಮಗಳೇ ಎಂದು.

ಹಾಳೆಗಳನ್ನೆಲ್ಲ ಅಂಗಳದಲ್ಲಿ ಹರವಿ ನಾನು ಕಾಫಿ ಕುಡಿಯಲು ಒಳಗೆ ಹೋದೆ. ನಮ್ಮ ಕಡೆ ಅಂಗಳದಲ್ಲಿ ಏನಾದರೂ ಹರವಿದೆ ಎಂದರೆ ಅದು ಕಾಳುಮೆಣಸೇ. ಆಗಾಗ ಅದರ ನಡುವೆ ಪಾದ ಎಳೆಯುತ್ತ ನಡೆದು ಕಾಳು ತಿರುವಿ ಹಾಕದಿದ್ದರೆ ನಮ್ಮವರಿಗೆ ಜೀವ ತಡೆಯುವುದಿಲ್ಲ. ಹೊರಬಂದು ನೋಡುತ್ತೇನೆ, ಅತ್ತೆ ಸೀರೆ ಎತ್ತಿ ಕಟ್ಟಿ ಈ ತುದಿಯಿಂದ ಆ ತುದಿಗೆ ಗಂಭೀರವಾಗಿ ಕಾಗದ ತಿರುವುತ್ತಿದ್ದಾಳೆ!

“ಅತ್ತೇ! ಅದು ಮೆಣಸಲ್ಲ!”

“ಮತ್ತೆ ಅಡಿಭಾಗ ಒಣಗ್ಬೇಡ್ವಾ?” ಎಂದವಳು ಕಾಲ ಕೆಳಗೆ ನೋಡಿಕೊಂಡು ತಾನೇ ಹೋ ಎಂದು ನಕ್ಕಳು.

ಗಂಡ ಹೆಂಡತಿಯ ಹಾಳೆಗಳೆಲ್ಲ ಕಲಸುಮೇಲೋಗರ. ಸಿಕ್ಕಿದ್ದನ್ನು ಬಾಚಿಕೊಂಡು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದೆ. “ನೀವು ಈಗ ಹೇಗಿದ್ದೀರೋ ಎಂದು ದಿನಾ ಯೋಚಿಸುತ್ತೇನೆ” ಎಂಬಲ್ಲಿಗೆ ಅಜ್ಜಿಯ ಹಾಳೆ ಮುಗಿಯಿತು. ಕೈಬರಹ ಬದಲಾದದ್ದು ಗೊತ್ತಾಗುವ ಮೊದಲೇ ಅಜ್ಜ ಎಮ್ಮೆ ಕೊಂಡ ದಿನದ ಡೈರಿಗೆ ಹಾರಿದ್ದೆ: “ಕೊಂಬು ಚೆನ್ನಾಗಿದೆ. ಒದೆಯುವುದಿಲ್ಲ. ಮೈತುಂಬ ಉಣ್ಣಿ.”

“ಅಪ್ಪ ಹೇಗಿದ್ರು ಅಂತ ಸರಿಯಾಗೇ ಬರ್ದಿದೆ!” ಅತ್ತೆ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. ನನಗೂ ಹೊಟ್ಟೆ ಹುಣ್ಣಾಯಿತು. ಆಮೇಲೆ ಬೇಕೆಂದೇ ಹಾಳೆ ಅದಲು ಬದಲು ಮಾಡಿ ಓದಿದೆವು, ಮಾನ ಮರ್ಯಾದೆ ಬಿಟ್ಟು ನಕ್ಕೆವು. ನಗು ಇಳಿದಾಗಲೆಲ್ಲ ಅತ್ತೆಯದು ಅದೇ ಪ್ರಶ್ನೆ: “ನಾನು ಬಂದ್ನಾ?” ಹಾಳೆಗಳು ಮುಗಿಯುತ್ತ ಬಂದಿದ್ದವು. ಒಂದು ಸಾಲೂ ಇಲ್ಲದಿದ್ದರೆ ಇವಳಿಗೆ ಏನು ಹೇಳಲಿ ಎಂದು ನನಗೆ ನಿಜಕ್ಕೂ ಭಯವಾಯಿತು.

ಕೊನೆಗೆ ಒಂದು ಕಾಗದದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದದ್ದು ಸಿಕ್ಕಿತು: “ಮಗಳು ಇನ್ನೂ ಮಣ್ಣು ತಿನ್ನುತ್ತಾಳಾ? ಹೊಡೆಯಬೇಡಿ. ತಪ್ಪದೆ ತಿಳಿಸಿ.”

ಅತ್ತೆ ಇನ್ನೊಮ್ಮೆ ಓದಿಸಿದಳು. ಮತ್ತೊಮ್ಮೆ ಓದಿಸಿದಳು. ಆಮೇಲೆ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, “ಪೆನ್ನು ತಾ,” ಎಂದಳು. “ಈಗ ತಿನ್ನಲ್ಲ ಅಂತ ಬರಿ.”