ಕರೆಂಟ್ ಹೋದರೆ ಎಲ್ಲ ಮರೆಯುವ ಚಿಪ್

ಬೆಳಗಿನ ಐದೂವರೆ. ಶಿಡ್ಲಘಟ್ಟ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಪದ್ಮಶ್ರೀ ಅವರ ರಿಪೇರಿ ಅಂಗಡಿ ಆಗಲೇ ತೆರೆದಿದೆ. ಹಗಲಿನ ಕರೆಂಟ್ ನೆಚ್ಚುವಂತಿಲ್ಲ, ಹಾಗಾಗಿ ಬೆಸುಗೆ ಕೆಲಸವೆಲ್ಲ ನಸುಕಿಗೇ. ಎರಡು ಸರ್ಕ್ಯೂಟ್ ಬೋರ್ಡ್‌ಗಳನ್ನು, ವರದಿಗೆಂದು ಬಂದ ನನ್ನ ಮುಂದಿಡುತ್ತಾರೆ.

"ಎರಡ್ರಲ್ಲೂ ಕರಿ ಚಿಪ್ ಐತಲ್ಲ ಸಾರ್, ಏನು ವ್ಯತ್ಯಾಸ ಹೇಳಿ ನೋಡಣ."

ತಿರುಗಿಸಿ ನೋಡುತ್ತೇನೆ. ಎರಡೂ ಕಪ್ಪು, ಎರಡಕ್ಕೂ ಸುತ್ತ ಕಾಲು. ತಿಳಿಯುವುದಿಲ್ಲ.

"ನಂಗೂ ತಿಳೀಲಿಲ್ಲ. ಹನ್ನೊಂದು ವರ್ಷ ಇದೇ ಕೆಲ್ಸ ಮಾಡಿದ್ಮೇಲೂ!"

ಗೌರಿಬಿದನೂರಿನ ಕಡೆಯವರಾದ ಪದ್ಮಶ್ರೀ ಐಟಿಐ ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ. ಅಂಗಡಿ ಹಾಕಿದ ಹೊಸತರಲ್ಲಿ ಬಂದವರೆಲ್ಲ "ಮೇಸ್ತ್ರಿ ಎಲ್ಲಿ ಅವ್ರಮ್ಮ?" ಎಂದು ಕೇಳುತ್ತಿದ್ದರು. ಈಗ ದಿನಕ್ಕೆ ಏಳೆಂಟು ಬೋರ್ಡ್ ಬರುತ್ತವೆ. ಪಂಪಿನ ಟೈಮರ್, ತೂಕದ ಯಂತ್ರ, ಹೀಗೆ. ಹೆಚ್ಚಿನವುಗಳಲ್ಲಿ ಇರುವುದು ಮೈಕ್ರೋಕಂಟ್ರೋಲರ್. ಬರೆದಿಟ್ಟ ಆದೇಶಗಳು ಅದರ ಒಳಗೇ ಇರುತ್ತವೆ. ಒಂದೊಂದಾಗಿ ಓದಿ ನಡೆಸುತ್ತದೆ.

ಹೋದ ವರ್ಷ, ಅಂದರೆ ೨೦೦೭ರಲ್ಲಿ, ಸಾದಲಿಯ ಮುನಿಗಂಗಪ್ಪ ಫೋನ್ ಮಾಡಿದರು. ಎಳೆಯ ರೇಷ್ಮೆಹುಳು ಸಾಕಿ ರೈತರಿಗೆ ಕೊಡುವವರು ಅವರು. ಕೋಣೆಯ ಶಾಖ, ತೇವ ಕಾಯಲು ಹರಾಜಿನಲ್ಲಿ ಕೊಂಡಿದ್ದ ವಿದೇಶಿ ಯಂತ್ರ ನಿಂತುಹೋಗಿತ್ತು. ಚಿಪ್ ಸುಟ್ಟಿದೆ ಎಂದು ಪದ್ಮಶ್ರೀ ಹೇಳಿಬಿಟ್ಟರು. ಬೆಂಗಳೂರಿನಿಂದ ಅದೇ ನಂಬರಿನದು ತರಿಸಿ, ನೂರಾರು ಕಾಲುಗಳನ್ನು ಕೂರಿಸಿದರು. ಯಂತ್ರ ಮಿಸುಕಲಿಲ್ಲ.

ಹಳೆಯ ಚಿಪ್‌ನಲ್ಲಿದ್ದ ಆದೇಶಗಳನ್ನು ಹೊಸದಕ್ಕೆ ನಕಲು ಮಾಡೋಣವೆಂದರೆ ಅವರ ಉಪಕರಣ ಅದನ್ನು ಗುರುತಿಸಲೇ ಇಲ್ಲ. ಚಿಪ್ ಮಾರಿದವರನ್ನು ಕೇಳಿದರೆ "ಇದೂ ಪ್ರೋಗ್ರಾಮ್ ಮಾಡೋದೇ ಮೇಡಂ, ಆದ್ರೆ ಅದಲ್ಲ" ಎಂಬ ಉತ್ತರ. "ಅಯ್ಯೋ, ಅದಲ್ಲ ಅಂದ್ರೆ ಯಾವ್ದು? ತಲೆ ಕೆಟ್ಟೋಯ್ತು," ಎನ್ನುತ್ತಾರೆ ಪದ್ಮಶ್ರೀ.

ಅಷ್ಟರಲ್ಲಿ ಸಾದಲಿಯಲ್ಲಿ ಮುನಿಗಂಗಪ್ಪನ ಹೆಂಡತಿ ಅಶ್ವತ್ಥಮ್ಮ ಕೆಂಡದ ಬಾಣಲೆ, ಒದ್ದೆ ಗೋಣಿಚೀಲ ಹಿಡಿದು ಕೋಣೆ ಕಾಯುತ್ತಿದ್ದರು. ಆದರೂ ಹದಿನಾಲ್ಕು ತಟ್ಟೆ ಹುಳು ಸತ್ತವು.

ಮೂರನೆಯ ದಿನ ಬೋರ್ಡ್ ಹಿಡಿದು ಸ್ವಿಚ್ ಹಾಕುವಾಗ ಪದ್ಮಶ್ರೀ ಅವರ ಹೆಬ್ಬೆರಳು ಪಕ್ಕದ ಎಂಟು ಕಾಲಿನ ಪುಟ್ಟ ಚಿಪ್ ಮೇಲಿತ್ತು. ದೀಪ ಹೊತ್ತಿತು! ಬೆರಳು ತೆಗೆದು ಮತ್ತೆ ಸ್ವಿಚ್ ಹಾಕಿದರೆ ಇಲ್ಲ. ಆಗ ಅರ್ಥವಾಯಿತು: ಏನೂ ಬರೆಯದ ಹೊಸ ಚಿಪ್ಪೇ ನಡೆಯಿತೆಂದರೆ ಅದು ಮೈಕ್ರೋಕಂಟ್ರೋಲರ್ ಅಲ್ಲ, ಬರೆದಿಟ್ಟದ್ದೆಲ್ಲ ಇರುವುದು ಪುಟ್ಟದರಲ್ಲಿ. ದೊಡ್ಡ ಚಿಪ್ ಕರೆಂಟ್ ಹೋದಾಗಲೆಲ್ಲ ಎಲ್ಲವನ್ನೂ ಮರೆಯುತ್ತದೆ. ಕರೆಂಟ್ ಬಂದಾಗ ಪುಟ್ಟದರಿಂದ ನಕ್ಷೆ ಓದಿಕೊಂಡು, ತನ್ನೊಳಗಿನ ಜೋಡಣೆಯನ್ನೇ ಹೊಸದಾಗಿ ಮಾಡಿಕೊಳ್ಳುತ್ತದೆ. ಪುಟ್ಟದರ ಒಂದು ಕಾಲಿನ ಬೆಸುಗೆ ಬಿಟ್ಟಿತ್ತು, ಅಷ್ಟೇ. ಹಳೆಯ ದೊಡ್ಡ ಚಿಪ್ ಕೆಟ್ಟೇ ಇರಲಿಲ್ಲ.

ಈ ವಿಷಯವನ್ನು ಮುಚ್ಚಿಡಬಹುದಿತ್ತು. ಅವರು ಬೋರ್ಡ್ ಹಿಡಿದು ಸಾದಲಿಗೇ ಹೋದರು.

"ತಪ್ಪು ನಂದು ಮುನಿಗಂಗಣ್ಣ. ಗೊತ್ತಿಲ್ದೇ ಚಿಪ್ ಹೋಗೈತೆ ಅಂದ್ಬಿಟ್ಟೆ."

ಮುನಿಗಂಗಪ್ಪ ಖಾಲಿಯಾದ ಹದಿನಾಲ್ಕು ತಟ್ಟೆಗಳತ್ತ ಕೈ ತೋರಿಸಿದರು. ಅಶ್ವತ್ಥಮ್ಮ ಅಂದರು: "ಉಳಿದಿರೋವು ನೋಡ್ಕೊಳಣ, ಮೊದ್ಲು ಮಿಷಿನ್ ಹಾಕಮ್ಮ."

ಈಗಲೂ ಗೊಂದಲ ಪೂರ್ತಿ ತೀರಿಲ್ಲ. ಇಂಥ ಚಿಪ್‌ಗಳಲ್ಲೇ ಮರೆಯದ ಜಾತಿಯೂ ಇದೆಯಂತೆ. ನಿಮ್ಮ ಆಸೆ ಏನು ಎಂದು ಕೇಳಿದರೆ ಪದ್ಮಶ್ರೀ ಎರಡೂ ಬೋರ್ಡ್‌ಗಳನ್ನು ಪಕ್ಕಕ್ಕೆ ಸರಿಸುತ್ತಾರೆ.

"ಇವೆಲ್ಲ ಹೆಂಗೆ ಕೆಲ್ಸ ಮಾಡ್ತವೆ ಅಂತ ಕನ್ನಡದಲ್ಲಿ ಒಂದು ಪುಸ್ತಕ ಬರ್ಲಿ ಸಾರ್. ದಪ್ಪಂದು ಬೇಡ. ಚಿಂತಾಮಣಿಗೆ ಹೋಗೋ ಬಸ್ಸಲ್ಲಿ ಓದಿ ಮುಗಿಸೋ ಅಷ್ಟು ಸಾಕು."